ಖಾಲಿ ಬಿಟ್ಟ ಚೌಕ

ರಾಳ ಸುಟ್ಟ ವಾಸನೆ. ಬಿಸಿ ಕಡ್ಡಿಯ ತುದಿಗೆ ಬೆಸುಗೆಯ ತಂತಿ ತಾಗಿದೊಡನೆ ಎಳೆಯಾಗಿ ಮೇಲೇಳುತ್ತಿದ್ದ ಹೊಗೆ. ಕಣ್ಣಿಗೆ ಹತ್ತಿದರೆ ಉರಿ, ಮೂಗಿಗೆ ಮಾತ್ರ ಯಾಕೋ ಸಿಹಿ. ಅಪ್ಪನ ರೇಡಿಯೋ ರಿಪೇರಿಯ ಮೇಜಿನ ಕೆಳಗೆ ಮಂಡಿ ಮಡಚಿ ಕೂತು ಆಕೆ ಅದನ್ನು ಅದೆಷ್ಟು ಒಳಗೆಳೆದುಕೊಂಡಿದ್ದಳೆಂದರೆ, ಈಗ, ಬೆಸುಗೆ ಕಡ್ಡಿಯೇ ಇಲ್ಲದ ಈ ಕೋಣೆಯಲ್ಲಿ, ಕಂಪ್ಯೂಟರಿನ ಬಿಸಿಗಾಳಿಯೊಂದೇ ಸುಳಿಯುವಲ್ಲಿಯೂ, ಮನಸ್ಸು ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಅದೇ ವಾಸನೆ ಹೊಳ್ಳೆಯ ಒಳಗಿನಿಂದಲೇ ಹುಟ್ಟಿ ಬರುತ್ತಿತ್ತು. ಆ ದಿನಗಳಲ್ಲೊಮ್ಮೆ ಒಬ್ಬ ಹೆಂಗಸು ತನ್ನ ರೇಡಿಯೋವನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. "ಮಧ್ಯೆ ಒಂದ್ಸಲ ಟಿಕ್ ಅನ್ನುತ್ತೆ. ಆಮೇಲೆ ಏನೂ ಆಗದವರ ಥರ ಹಾಡ್ತಾ ಇರುತ್ತೆ" ಎಂದಿದ್ದಳು. ಅಪ್ಪ ಅದನ್ನು ಬಿಚ್ಚಿಟ್ಟುಕೊಂಡು ಕಿವಿ ಕೊಟ್ಟು ಕೂತ. ಅದು ಹಾಡಿತು, ಸುದ್ದಿ ಓದಿತು, ಹವಾಮಾನ ಹೇಳಿತು, ಟಿಕ್ ಅನ್ನಲಿಲ್ಲ. ಮನೆಯಲ್ಲಿ ಮಾತು ನಿಂತಿತು. ಸದ್ದಾಗಬಾರದೆಂದು ಅಮ್ಮ ಪಾತ್ರೆಗಳನ್ನು ಬಟ್ಟೆಯ ಮೇಲೆ ಇಡುತ್ತಿದ್ದಳು. ಕೊನೆಗೊಂದು ಸಂಜೆ ಅಪ್ಪ ಸೀನಿದ. ಆ ಸೀನಿನ ಒಳಗೇ ಏನೋ ಟಿಕ್ ಎಂದಿತು. "ಕೇಳಿಸ್ತಾ?" ಎಂದು ಅಪ್ಪ ಜಿಗಿದೆದ್ದ. "ನೀವು ಸೀನಿದ್ದು ಕೇಳಿಸ್ತು" ಎಂದಳು ಅಮ್ಮ. "ಸೀನಿನ ಒಳಗೆ!" "ಸೀನಿನ ಒಳಗೆ ನೀವೇ ಇದ್ರಿ." ಅಪ್ಪ ಮೇಜಿನ ಕೆಳಗೆ ಬಗ್ಗಿ ಮಗಳ ಮುಖ ನೋಡಿದ. ಕೇಳಿಸಿತ್ತೋ ಇಲ್ಲವೋ, ಏಳು ವರ್ಷದ ಆ ಮುಖಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇಲ್ಲದೆ, ಅಮ್ಮನ ಕಡೆ ತಿರುಗಿ, ಅವಳು ಹೇಳಿದ್ದೇ ಸರಿಯೆಂಬಂತೆ ತಲೆಯಾಡಿಸಿತು. ಈಗ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆ ಎಡದಿಂದ ಬಲಕ್ಕೆ ಹರಿದು ಬಂದು ನಿಂತಿತು. ಶುದ್ಧ, ಸಪಾಟು, ಇಸ್ತ್ರಿ ಮಾಡಿದ ಅಂಗಿಯ ತೋಳಿನಂಥ ಗೆರೆ. ಆಕೆ ಅದನ್ನು ನೋಡಿದಳು. ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ. ಅದೇ ಈಗ ಹೆದರಿಕೆ ಹುಟ್ಟಿಸುತ್ತಿತ್ತು.

ಗೇಟಿನಲ್ಲಿ ಲಾರಿ ನಿಂತಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಮಲಗಿಸುವ ಗಾಜಿನ ಪೆಟ್ಟಿಗೆಗಳು ಅದರೊಳಗೆ ಏರುವುದಕ್ಕೆ ಸಿದ್ಧವಾಗಿ ಅಂಗಳದಲ್ಲಿ ಸಾಲುಗಟ್ಟಿದ್ದವು. ಕರೆಂಟು ಹೋದರೆ ಪೆಟ್ಟಿಗೆ ತಣ್ಣಗಾಗುತ್ತದೆ. ತಣ್ಣಗಾಗುವ ಮೊದಲೇ ಅದು ಪುಟ್ಟ ಬ್ಯಾಟರಿಯ ಬಲದಿಂದ ಕೂಗಿ ದಾದಿಯನ್ನು ಎಬ್ಬಿಸಬೇಕು. ದಾದಿ ಬಂದು 'ಸುಮ್ಮನಿರು' ಎಂಬ ಗುಂಡಿ ಒತ್ತಿದರೆ ಸುಮ್ಮನಾಗಬೇಕು. ಇಷ್ಟೇ. ಈ ಕೂಗುವ ಸರ್ಕ್ಯೂಟು ಆಕೆಯದು. ಅದನ್ನು ಕಂಪ್ಯೂಟರಿನ ಒಳಗೆ ಕಟ್ಟಿ, ಕರೆಂಟು ಹೋದಂತೆ ನಟಿಸಿ, ಏನಾಗುತ್ತದೆ ಎಂದು ನೋಡುವುದು ಆಕೆಯ ಕೆಲಸ. ಕಂಪ್ಯೂಟರು ಕಾಲವನ್ನು ನಮ್ಮ ಹಾಗೆ ಬಾಳುವುದಿಲ್ಲ, ಹೆಜ್ಜೆ ಹಾಕುತ್ತದೆ. ಒಂದು ಗಳಿಗೆಯಲ್ಲಿ ನಿಂತು ಎಲ್ಲ ಲೆಕ್ಕ ಹಾಕಿ, ಕಾಲೆತ್ತಿ, ಮುಂದಿನ ಗಳಿಗೆಯಲ್ಲಿ ಊರಿ, ಮತ್ತೆ ಲೆಕ್ಕ ಹಾಕುತ್ತದೆ. ಎರಡು ಹೆಜ್ಜೆಗಳ ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳದೆ ಅಲ್ಲಿಂದಿಲ್ಲಿಗೆ ಒಂದು ನೇರ ಗೆರೆ ಎಳೆದುಬಿಡುತ್ತದೆ. ಎಲ್ಲ ಚೆನ್ನಾಗಿದೆ ಎಂದು ಆಕೆ ಹೋದ ವಾರವೇ ಹೇಳಿಯಾಗಿತ್ತು. ಇವತ್ತು ಸಹಿಯೊಂದು ಬಾಕಿ. ಸಹಿ ಬಿದ್ದರೆ ಮೊಹರು ಬೀಳುತ್ತದೆ, ಮೊಹರು ಬಿದ್ದರೆ ಲಾರಿ ಹೊರಡುತ್ತದೆ.

ಬೆಳಿಗ್ಗೆ ಬೇಗ ಬಂದು, ಬೇರೇನನ್ನೋ ನೋಡುವುದಕ್ಕೆಂದು, ಕರೆಂಟು ಹೋಗುವ ಆ ಒಂದು ಚೂರು ಹೊತ್ತನ್ನು ಮಾತ್ರ ನಡೆಸಿ ನೋಡಿದ್ದಳು. ಹಸಿರು ಗೆರೆಯ ನಡುವೆ ಸೂಜಿಯಂಥ ಒಂದು ಮೊನೆ ಎದ್ದು ನಿಂತಿತ್ತು. ಕಣ್ಣು ಮಿಟುಕಿಸುವುದರ ಪಕ್ಕದಲ್ಲಿ ಇಟ್ಟರೆ ಕಣ್ಣು ಮಿಟುಕಿಸುವುದೇ ಒಂದು ಯುಗವೆನಿಸಬೇಕು, ಅಷ್ಟು ಸಣ್ಣದು. ಆದರೆ ಆ ಮೊನೆ ತಾಗಿದ ಕೂಡಲೇ, ಯಾರೋ ಬಂದು 'ಸುಮ್ಮನಿರು' ಗುಂಡಿ ಒತ್ತಿದರೆಂದು ಸರ್ಕ್ಯೂಟು ನಂಬಿಬಿಟ್ಟಿತ್ತು. ನಂಬಿ, ಹೇಳಿದ ಮಾತು ಕೇಳುವ ಮಗುವಿನಂತೆ ಸುಮ್ಮನಾಗಿತ್ತು. ಹೋದ ವಾರ ಇದು ಎಲ್ಲಿತ್ತು? ಹೋದ ವಾರದ್ದನ್ನು ಮತ್ತೆ ನಡೆಸಿದಳು. ಸಪಾಟು. ಆಮೇಲೆ ಕಣ್ಣಿಗೆ ಬಿತ್ತು: ಹೆಜ್ಜೆ ಎಷ್ಟಕ್ಕಿಂತ ದೊಡ್ಡದಾಗಬಾರದು ಎಂದು ಬರೆಯಬೇಕಾದ ಚೌಕ ಖಾಲಿ ಇತ್ತು. ಖಾಲಿ ಬಿಟ್ಟದ್ದು ಆಕೆಯೇ. ಚೌಕ ಖಾಲಿ ಬಿಟ್ಟರೆ ಈ ಯಂತ್ರ ಬೇಸರ ಮಾಡಿಕೊಳ್ಳುವುದಿಲ್ಲ. ನೀವು ಕೇಳಿದ ಇಡೀ ಹೊತ್ತನ್ನು ಐವತ್ತು ಪಾಲು ಮಾಡಿ, ಅದರಲ್ಲಿ ಒಂದು ಪಾಲಿನಷ್ಟು ಉದ್ದದ ಹೆಜ್ಜೆ ಹಾಕುವುದಕ್ಕೂ ತನಗೆ ಹಕ್ಕುಂಟೆಂದು ತಿಳಿಯುತ್ತದೆ. ಹೆಚ್ಚು ಹೊತ್ತು ಕೇಳಿದರೆ ಹೆಚ್ಚು ದೊಡ್ಡ ಹೆಜ್ಜೆ. "ಎಲ್ಲರಿಗಿಂತ ಉದ್ದವಾಗಿ ನಡೆಸಿ ಮೇಡಂ, ಯಾರೂ ಬೆರಳು ತೋರಿಸಬಾರದು" ಎಂದು ಸಾಹೇಬರು ಹೇಳಿದ್ದರು. ಆಕೆ ನಡೆಸಿದ್ದಳು. ಬಹಳ ಉದ್ದ ನಡೆಸಿದ್ದಳು. ಉದ್ದ ಮಾಡಿದಷ್ಟೂ ಕಂಪ್ಯೂಟರು ಬೀಸುಗಾಲು ಹಾಕಿ ಆ ಮೊನೆಯನ್ನು ಚರಂಡಿ ದಾಟುವಂತೆ ದಾಟಿಕೊಂಡು ಹೋಗಿತ್ತು. ಎಲ್ಲರಿಗಿಂತ ಉದ್ದ ನೋಡಿದ್ದಕ್ಕೆ ಎಲ್ಲರಿಗಿಂತ ಕಡಿಮೆ ಕಂಡಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿದವರು ಯಾರಾದರೂ ಮಾಡುವ ತಪ್ಪೇ? ಈ ಕೆಲಸ ಮಾಡಿದವರು ಮಾತ್ರ ಮಾಡಬಲ್ಲ ತಪ್ಪು, ಎಂದುಕೊಂಡಳು. ಅಡಿಗೆಯವಳು ಮಾಡಲಾರಳು, ದರ್ಜಿ ಮಾಡಲಾರ. ಗಂಡ? ಗಂಡ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಅವನ ಬಸ್ಸುಗಳು ಒಂದು ನಿಲ್ದಾಣದಲ್ಲಿ ಇರುತ್ತವೆ, ಇಲ್ಲವೇ ಮುಂದಿನ ನಿಲ್ದಾಣದಲ್ಲಿ. ನಡುವೆ ಅವು ಎಲ್ಲಿರುತ್ತವೆಂದು ಅವನು ತಲೆ ಕೆಡಿಸಿಕೊಂಡವನಲ್ಲ. ಆಕೆಯೂ ಅಷ್ಟೇ, ಅವನನ್ನು ಬೆಳಿಗ್ಗೆ ಬಾಗಿಲಲ್ಲಿ ನೋಡುತ್ತಾಳೆ, ಸಂಜೆ ಬಾಗಿಲಲ್ಲಿ ನೋಡುತ್ತಾಳೆ. ನಡುವೆ ಒಂದು ಗೆರೆ. ಇವತ್ತು ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ ಅವನು ತಲೆಯೆತ್ತಿದ್ದ. ಬಾಯಿ ಒಂದು ಎಳೆಯಷ್ಟು ತೆರೆದಿತ್ತು, ಹುಬ್ಬಿನ ಮಧ್ಯೆ ಏನೋ ಹಾದುಹೋಗಿತ್ತು. ಆಮೇಲೆ ಮತ್ತೆ ಲೇಸಿಗೆ ಬಗ್ಗಿದ್ದ. ಏನದು? ಅಥವಾ ಅದು ಇತ್ತೇ? ದಿನವೂ ಹಾಗೆ ಏನಾದರೂ ಹಾಯುತ್ತಿದ್ದು, ಇವತ್ತು ಬೇಗ ಹೊರಟ ಕಾರಣಕ್ಕೆ ತನ್ನ ಹೆಜ್ಜೆ ತಪ್ಪಿ ಅದರ ಮೇಲೇ ಬಿತ್ತೇ?

"ಮೇಡಂ, ಆಯ್ತಾ?" ಎಂದು ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಯಾರು ಏನು ಹೇಳಿದರೂ "ಅದಿರಲಿ" ಎಂದು ಶುರುಮಾಡುವುದರಿಂದ ಇಡೀ ಕಚೇರಿ ಅವರನ್ನು ಬೆನ್ನ ಹಿಂದೆ ಅದಿರಲಿ ಸಾಹೇಬರು ಎನ್ನುತ್ತಿತ್ತು. ಆಕೆಯನ್ನು ಏನೆನ್ನುತ್ತಿತ್ತೆಂದು ಆಕೆಗೂ ಗೊತ್ತಿತ್ತು. ಮೊಸರಲ್ಲಿ ಕಲ್ಲು ಹುಡುಕುವವಳಾದ್ದರಿಂದ ಮೊಸರುಗಲ್ಲಮ್ಮ. ಒಮ್ಮೆ ಮೆಟ್ಟಿಲ ತಿರುವಿನಲ್ಲಿ ಯಾರೋ ಆ ಹೆಸರಿಟ್ಟು ನಗುವುದನ್ನು ಕೇಳಿ, ಅವರಿಗೆ ಮುಜುಗರವಾಗದಿರಲೆಂದು ಬೇಕೆಂದೇ ಕೆಮ್ಮಿ, ನಿಧಾನವಾಗಿ ಇಳಿದಿದ್ದಳು.

"ಇಲ್ಲಿ ಒಂದು ಮೊನೆ ಕಾಣ್ತಿದೆ ಸಾರ್."

"ಅದಿರಲಿ, ಸಹಿ ಆಯ್ತಾ?"

"ಮೊನೆ ಇದ್ದರೆ ಪೆಟ್ಟಿಗೆ ಕೂಗಲ್ಲ. ಕರೆಂಟು ಹೋದ್ರೂ ಸುಮ್ಮನಿರುತ್ತೆ."

ಸಾಹೇಬರು ಬಗ್ಗಿ ನೋಡಿದರು. ಪರದೆಯ ಮೇಲೆ ಇದ್ದದ್ದು ಉದ್ದದ್ದು, ಸಪಾಟಾದದ್ದು. "ಎಲ್ಲಿದೆ?"

"ಇದರಲ್ಲಿ ಇಲ್ಲ. ಸಣ್ಣದರಲ್ಲಿ ಇದೆ."

"ಅಂದ್ರೆ ಸ್ವಲ್ಪ ನೋಡಿದ್ರೆ ತೊಂದರೆ ಇದೆ, ಚೆನ್ನಾಗಿ ನೋಡಿದ್ರೆ ಇಲ್ಲ."

"ಹಾಗಲ್ಲ ಸಾರ್—"

"ನೀವೇ ಹೇಳಿದ್ದಲ್ವಾ?" ಅವರ ದನಿಯಲ್ಲಿ ಕೆಡುಕಿರಲಿಲ್ಲ. ರಜೆಯನ್ನೇ ತೆಗೆದುಕೊಳ್ಳದೆ ದುಡಿದು, ನಿದ್ದೆಗೆಟ್ಟ ಕಣ್ಣುಗಳ ಸುತ್ತ ಚರ್ಮ ಜೋತುಬಿದ್ದಿತ್ತು. ಈ ಪೆಟ್ಟಿಗೆಗಳಿಗಾಗಿ ಅಲ್ಲೆಲ್ಲೋ ಆಸ್ಪತ್ರೆಯವರು ದಿನಾ ಫೋನು ಮಾಡುತ್ತಿದ್ದರು. ಪೆಟ್ಟಿಗೆ ತಡವಾದಷ್ಟೂ ಕೂಸುಗಳು ಬಟ್ಟೆಯ ಸುರುಳಿಯಲ್ಲೇ ಇರುತ್ತವೆ ಎಂಬುದು ಆಕೆಗೂ ಗೊತ್ತಿತ್ತು. ಆದ್ದರಿಂದ 'ಇಲ್ಲ' ಎನ್ನುವುದೂ ಸುಲಭವಾಗಿರಲಿಲ್ಲ. ಕೂಗದ ಪೆಟ್ಟಿಗೆಯ ಕೂಸು ಒಂದು ಕಡೆ, ಬಾರದ ಪೆಟ್ಟಿಗೆಯ ಕೂಸು ಇನ್ನೊಂದು ಕಡೆ. ನಡುವೆ ಒಂದು ಖಾಲಿ ಚೌಕ, ಅದರೊಳಗೆ ಮಿನುಗುವ ಕರ್ಸರಿನ ಕಡ್ಡಿ.

"ಸರಿ, ಸ್ಟೆಪ್ಪು ಎಷ್ಟಿಡಬೇಕು ಅಂತ ಕೂತು ತೀರ್ಮಾನ ಮಾಡೋಣ" ಎಂದರು ಸಾಹೇಬರು. "ಒಬ್ಬರ ತಲೆ ಮೇಲೆ ಯಾಕೆ?"

ಹೀಗೆ ಕಾಲದ ಹೆಜ್ಜೆಯ ಅಳತೆಯನ್ನು ನಿರ್ಧರಿಸಲು ಸಭೆ ಸೇರಿತು. ಮೊಹರನ್ನು ಸದಾ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುವ ಗುಣಮಟ್ಟದ ಅಧಿಕಾರಿ ಬಂದ. ಖರೀದಿ ವಿಭಾಗದ ಹಿರಿಯಕ್ಕ ಬಂದಳು. ಬಂದವಳೇ, ಬಿಸಿಲು ಪರದೆಗೆ ಬಡಿದು ಈಕೆಗೆ ಕಣ್ಣು ಕಿರಿದಾಗುತ್ತಿರುವುದನ್ನು ಕಂಡು, ಏನೂ ಹೇಳದೆ ಕಿಟಕಿಯ ತೆರೆಯನ್ನು ಒಂದು ಗೇಣು ಎಳೆದು ಕೂತಳು. ಲಾರಿಯ ಚಾಲಕ ಕುಡಿಯುವ ನೀರು ಎಲ್ಲಿ ಎಂದು ಕೇಳಲು ಬಂದವನು, ಕುರ್ಚಿಯೊಂದು ಖಾಲಿ ಇದ್ದದ್ದರಿಂದ ಅವನೂ ಕೂತ.

"ಹೋದ ಸಲ ಎಷ್ಟಿಟ್ಟಿದ್ವಿ?" ಎಂದ ಮೊಹರಿನವನು.

"ಏನೂ ಇಟ್ಟಿರಲಿಲ್ಲ. ಖಾಲಿ" ಎಂದಳು ಆಕೆ. ಹೇಳುವಾಗ ಕಿವಿ ಬಿಸಿಯಾಯಿತು.

"ಹಾಗಾದ್ರೆ ಅದಕ್ಕೇ ಬಿಡಿ. ನಮಗಿಂತ ಅದಕ್ಕೆ ಚೆನ್ನಾಗಿ ಗೊತ್ತಿರುತ್ತೆ."

"ಅದಕ್ಕೆ ಏನೂ ಗೊತ್ತಿಲ್ಲ. ಐವತ್ತರಿಂದ ಭಾಗಿಸೋಕೆ ಗೊತ್ತು."

"ಅಷ್ಟು ಗೊತ್ತಿರೋರೇ ಎಷ್ಟು ಜನ ಇದ್ದಾರೆ!" ಎಂದಳು ಖರೀದಿಯಕ್ಕ, ಚಾಲಕ ನಕ್ಕ.

ಸಾಹೇಬರು ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಮೂರು ದಾರಿ: ಖಾಲಿ ಬಿಡುವುದು, ಮೇಡಂ ಹೇಳುವಷ್ಟು ಸಣ್ಣದಿಡುವುದು, ಇಲ್ಲವೇ ಎರಡಕ್ಕೂ ಬೇಸರವಾಗದ ಹಾಗೆ ನಡುವಿನದ್ದು. ಕೈ ಎತ್ತಿ ಎಂದರು. ಖಾಲಿಗೆ ಸಾಹೇಬರ ಕೈ. ನಡುವಿನದ್ದಕ್ಕೆ ಮೊಹರಿನವನ ಕೈ. ಅದೇ ಹೊತ್ತಿಗೆ ಚಾಲಕ ಕತ್ತಿನ ಹಿಂದೆ ತುರಿಸಿಕೊಂಡ.

"ಎರಡು" ಎಂದರು ಸಾಹೇಬರು.

"ಅವರದ್ದು ಲೆಕ್ಕಕ್ಕಿಲ್ಲ, ತುರಿಕೆ" ಎಂದಳು ಖರೀದಿಯಕ್ಕ.

"ಯಾಕಿಲ್ಲ? ಪೆಟ್ಟಿಗೆ ಸಾಗಿಸೋರು ಅವರೇ ತಾನೆ?"

ಚಾಲಕ ಗಂಭೀರನಾದ. "ನಡುವಿನದ್ದು ಒಳ್ಳೇದು ಸಾರ್. ಬಹಳ ಜೋರೂ ಬೇಡ, ಬಹಳ ನಿಧಾನವೂ ಬೇಡ" ಎಂದು, ಎತ್ತಿದ ಕೈಯನ್ನು ಎತ್ತಿದಂತೆಯೇ ಇಟ್ಟುಕೊಂಡ. ಸಣ್ಣದಕ್ಕೆ ಆಕೆಯ ಕೈಯೊಂದೇ. ಆಮೇಲೆ ಖರೀದಿಯಕ್ಕನೂ ಎತ್ತಿದಳು. "ನನಗೇನೂ ತಿಳಿಯಲ್ಲ, ಒಬ್ಬಳೇ ಎತ್ತಿದ್ದಾಳಲ್ಲ ಅಂತ" ಎಂದು ಕಾರಣವನ್ನೂ ಕೊಟ್ಟಳು. ಎರಡೆರಡು ಸಮವಾಗಿ, ಸಾಹೇಬರು ತಮ್ಮ ಕೈಯನ್ನು ಖಾಲಿಯಿಂದ ನಡುವಿನದ್ದಕ್ಕೆ ವರ್ಗಾಯಿಸಿದರು. ಕೂಸುಗಳು ಮಲಗುವ ಪೆಟ್ಟಿಗೆ ಕೂಗಬೇಕೋ ಬೇಡವೋ ಎಂಬುದು ಒಂದು ತುರಿಕೆಯಿಂದ ಇತ್ಯರ್ಥವಾಯಿತು. ಆಕೆಗೆ ನಗು ಬಂದಿತು. ಶಾಲೆಯಲ್ಲಿ ಒಮ್ಮೆ ಭೂಮಿ ಗುಂಡಗಿದೆಯೇ ಎಂದು ಮೇಷ್ಟರು ಕೈ ಎತ್ತಿಸಿದ್ದರು. ಪಕ್ಕದವಳು ಎತ್ತಲಿಲ್ಲವೆಂದು ತಾನೂ ಎತ್ತಿರಲಿಲ್ಲ.

ನಡುವಿನದ್ದನ್ನು ಚೌಕದಲ್ಲಿ ಬರೆದು ನಡೆಸಿದಳು. ಎಲ್ಲರೂ ಬಗ್ಗಿದರು. ಮೊನೆ ಮೊನೆಯಾಗಿ ಏಳಲಿಲ್ಲ. ಏಳಲೋ ಬೇಡವೋ ಎಂಬಂತೆ ಒಂದು ಗುಳ್ಳೆಯಷ್ಟು ಉಬ್ಬಿತು. ಪರದೆಯ ಒಳಗಿನ ಕೂಗು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. "ನೋಡಿ, ಇದು ನ್ಯಾಯ" ಎಂದ ಮೊಹರಿನವನು, ಜೇಬಿಗೆ ಕೈ ಹಾಕುತ್ತ. "ಇರಿ" ಎಂದು ಆಕೆ ಇನ್ನೂ ಸಣ್ಣದು ಬರೆದಳು. ಮೊನೆ ನೆಟ್ಟಗಾಯಿತು. ಇನ್ನೂ ಸಣ್ಣದು. ಮೊನೆ ನೀಳವಾಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹಲ್ಲು ಕಡಿಯುವಂತೆ ಒಂದು ನಡುಕ. ಇನ್ನೂ ಸಣ್ಣದು ಬರೆದಾಗ ಗೆರೆ ಅರ್ಧಕ್ಕೇ ನಿಂತು, ಕೆಂಪು ಅಕ್ಷರ ಬಂದಿತು: ಕಾಲದ ಹೆಜ್ಜೆ ತೀರ ಚಿಕ್ಕದಾಯಿತು, ಮುಂದೆ ಹೋಗಲಾರೆ.

ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. "ಕೇಳಿದ್ರಾ? ಕಂಪ್ಯೂಟರೇ ಹೇಳ್ತಿದೆ. ನೀವು ತೀರ ಚಿಕ್ಕದಕ್ಕೆ ಇಳಿದುಬಿಟ್ರಿ ಅಂತ!"

ಅದು ಹೇಳುವುದರ ಅರ್ಥ ಅದಲ್ಲ, ಉತ್ತರ ಕೂಡಿಬರದೆ ಅದು ತಾನೇ ಹೆಜ್ಜೆಯನ್ನು ಕಿರಿದು ಮಾಡುತ್ತ ಮಾಡುತ್ತ ಒಂದು ಬಿಂದುವಿನ ಮೇಲೆ ಕಾಲೂರಿ ನಿಂತುಬಿಟ್ಟಿದೆ ಎಂದು ಆಕೆಗೆ ಗೊತ್ತಿತ್ತು. ಹೇಳಲಿಲ್ಲ. ಹೇಳದಿರಲು ಕಾರಣ ಸಾಹೇಬರಲ್ಲ, ತನ್ನದೇ ಅನುಮಾನ. ಲೆಕ್ಕದ ಕ್ರಮ ಬದಲಿಸಿದರೆ ಆ ನಡುಕ ಮುದುಕರ ಕೋಪದಂತೆ ಮೆತ್ತಗಾಗುತ್ತದೆಂಬುದೂ ಆಕೆಗೆ ಗೊತ್ತಿತ್ತು. ಕೆಲವು ನಡುಕಗಳು ಸರ್ಕ್ಯೂಟಿನವು, ಕೆಲವು ಬರಿಯ ಲೆಕ್ಕದವು. ನಡುಕ ಲೆಕ್ಕದ್ದಾದರೆ ಮೊನೆಯೂ ಲೆಕ್ಕದ್ದೇ? ಇದ್ದದ್ದರಿಂದ ಕಂಡಿತೇ, ನೋಡಿದ್ದರಿಂದ ಹುಟ್ಟಿತೇ? ನಿಜವಾದ ಪೆಟ್ಟಿಗೆಯ ಪ್ಲಗ್ಗನ್ನು ಹೋದ ತಿಂಗಳು ಹತ್ತಾರು ಸಲ ಕಿತ್ತು ನೋಡಿದ್ದರು, ಪ್ರತಿ ಸಲವೂ ಕೂಗಿತ್ತು. ಆದರೆ ಕರೆಂಟಿಗೂ ಉಸಿರಿನಂತೆ ಏರಿಳಿತವುಂಟು. ಯಾವ ಏರಿನಲ್ಲಿ, ಯಾವ ಇಳಿತದಲ್ಲಿ ಅದು ಕಡಿಯಿತು ಎಂಬುದರ ಮೇಲೆ ಎಲ್ಲ ನಿಂತಿತ್ತು. "ಒಂದು ನಿಮಿಷ" ಎಂದು ಹೇಳಿ ಎದ್ದಳು. ಅವಳ ಬೆನ್ನಿಗೆ ಮೊಹರಿನವನು "ಒಂದು ನಿಮಿಷ ಅಂದ್ರೆ ಮೇಡಂ ಲೆಕ್ಕದಲ್ಲಿ ಎಷ್ಟು ವರ್ಷವೋ!" ಎಂದ. ಮಾತಿನಲ್ಲಿ ವಿಷವಿರಲಿಲ್ಲ, ಆದರೂ ಕಾರಿಡಾರಿನ ಉದ್ದಕ್ಕೂ ಅದು ಚಪ್ಪಲಿಗೆ ಅಂಟಿದ ಎಲೆಯಂತೆ ಬಂತು.

ಕಾರಿಡಾರಿನ ಕೊನೆಯ ಕಿಟಕಿಯಿಂದ ಲಾರಿ ಕಾಣುತ್ತಿತ್ತು. ಅದರ ತೆರೆದ ಹಿಂಬದಿ ಬಾಯಿಬಿಟ್ಟುಕೊಂಡು ನಿಂತಿತ್ತು. ಆಕೆ ಫೋನು ತೆಗೆದು ಗಂಡನಿಗೆ ಮಾಡಿದಳು. ನಡುಹಗಲಿನಲ್ಲಿ ಹಾಗೆ ಮಾಡಿದ್ದು ಯಾವಾಗಲಾದರೂ ಉಂಟೇ ಎಂದು ನೆನಪಾಗಲಿಲ್ಲ.

"ಏನಾಯ್ತು?" ಎಂದ ಅವನು, ಗಾಬರಿಯಿಂದ.

"ಏನಿಲ್ಲ. ಏನ್ಮಾಡ್ತಿದ್ರಿ?"

"ನಾನಾ? ಏಳನೇ ನಂಬರು ಯಾಕೆ ದಿನಾ ತಡ ಅಂತ... ನಿನಗೆ ಆರೋಗ್ಯ ಸರಿಯಿದೆಯಾ?"

"ಬೆಳಿಗ್ಗೆ ಲೇಸು ಕಟ್ತಾ ಏನೋ ಹೇಳೋಕೆ ಹೊರಟಿದ್ರಿ."

ಅಲ್ಲಿ ಟೈಪಿಸುವ ಸದ್ದು ನಿಂತಿತು. "ಲೇಸು ಕಟ್ತಾ?" ಯೋಚಿಸಿದ. "ಓ... ಸೀನು ಬಂದ ಹಾಗಾಯ್ತು. ಬರಲಿಲ್ಲ."

"ಅಷ್ಟೇನಾ?"

"ಅಷ್ಟೇ." ಅವನ ಹಿಂದೆ ಯಾರೋ ಬಾಗಿಲು ಹಾಕಿದರು. ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. "ಅಷ್ಟೇನೋ ಅಲ್ಲ ಅಂತಲೂ ಅನ್ನಿಸುತ್ತೆ" ಎಂದ. "ಈಗ ನೀನು ಕೇಳಿದ ಮೇಲೆ. ಆ ಗಳಿಗೆ ಏನೋ ಇತ್ತು, ಆದರೆ ಮರೆತುಹೋಯ್ತು ಕಣೇ. ಇರಲಿ, ಫೋನು ಮಾಡಿದ್ದು ಒಳ್ಳೇದಾಯ್ತು. ಈ ಹೊತ್ತಲ್ಲಿ ನಿನ್ನ ದನಿ ಬೇರೆ ಥರ ಇದೆ."

"ಹೇಗಿದೆ?"

"ಗೊತ್ತಿಲ್ಲ. ಎಚ್ಚರ ಇರೋ ಥರ."

ಹಿಂದಿರುಗಿ ಬರುವಾಗ ಆಕೆಗೆ ಸಮಾಧಾನವೇನೂ ಆಗಿರಲಿಲ್ಲ. ಕಾಲು ಮಾತ್ರ ತಾನಾಗಿ ಸಣ್ಣ ಸಣ್ಣದಾಗಿ ಊರುತ್ತಿತ್ತು. ಕೋಣೆಯಲ್ಲಿ ನಾಲ್ವರೂ ಬಿಟ್ಟುಹೋದ ಭಂಗಿಯಲ್ಲೇ ಇದ್ದರು. ಆಕೆ ನಿಂತುಕೊಂಡೇ ಹೇಳಿದಳು. "ನಾನು ಸಹಿ ಮಾಡಲ್ಲ ಸಾರ್. ಹೋದ ವಾರದ್ದು ನನ್ನ ತಪ್ಪು. ಚೌಕ ಖಾಲಿ ಬಿಟ್ಟೆ. ಮೊನೆ ನಿಜವೋ ಸುಳ್ಳೋ ನನಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದೆ ಇರೋವಾಗ ಚೆನ್ನಾಗಿದೆ ಅಂತ ಬರೆಯೋಕೆ ಬರಲ್ಲ."

"ಗೊತ್ತಿಲ್ಲ ಅನ್ನೋಕೆ ನಿಮಗೆ ಇಪ್ಪತ್ತು ವರ್ಷ ಬೇಕಾಯ್ತಾ?" ಸಾಹೇಬರ ಮುಖ ಕಪ್ಪಿಟ್ಟಿತ್ತು. "ಅಲ್ಲಿ ಆಸ್ಪತ್ರೆಯವರು ದಾರಿ ಕಾಯ್ತಿದ್ದಾರೆ. ಕಣ್ಣಿಗೆ ಕಾಣದ ಸೂಜಿಗೋಸ್ಕರ ಕಣ್ಣಿಗೆ ಕಾಣೋ ಪೆಟ್ಟಿಗೆ ನಿಲ್ಲಿಸಬೇಕಾ? ಬನ್ನಿ. ಎಲ್ಲರೂ ಬನ್ನಿ. ತೋರಿಸ್ತೀನಿ."

ಅವರು ಮುಂದೆ, ಉಳಿದವರು ಹಿಂದೆ. ಪರೀಕ್ಷೆಯ ಹಜಾರದಲ್ಲಿ ಒಂದು ಪೆಟ್ಟಿಗೆ ಹಚ್ಚಿಟ್ಟೇ ಇತ್ತು. ತೂಕಕ್ಕೆಂದು ಒಳಗೊಂದು ರಬ್ಬರಿನ ಗೊಂಬೆ ಮಲಗಿತ್ತು. ಬೋಳು ತಲೆ ನೋಡಲಾರದೆ ಯಾರೋ ಅದಕ್ಕೊಂದು ಉಣ್ಣೆಯ ಟೋಪಿ ಹೆಣೆದು ಹಾಕಿದ್ದರು. ಯಾರೆಂದು ಯಾರೂ ಒಪ್ಪಿಕೊಂಡಿರಲಿಲ್ಲವಾದರೂ ಖರೀದಿಯಕ್ಕ ಈಗ ಅದನ್ನು ಕಂಡೂ ಕಾಣದಂತೆ ನಿಂತಳು. ಸಾಹೇಬರು ಪ್ಲಗ್ಗು ಕಿತ್ತರು. ಪೆಟ್ಟಿಗೆ ಚಿಟ್ಟನೆ ಚೀರಿತು. "ಕೂಗ್ತಾ?" ಎಂದರು. ಸಿಕ್ಕಿಸಿದರು, ಕಿತ್ತರು. ಚೀರಿತು. "ಕೂಗ್ತಾ?" ಚಾಲಕ ಪ್ರತಿ ಸಲವೂ "ಕೂಗ್ತು ಸಾರ್" ಎಂದು ಸಾಕ್ಷಿ ಹೇಳುತ್ತಿದ್ದ. ಮೊದಮೊದಲು ಅದು ಆಕೆಯ ಕೆನ್ನೆಗೆ ಹೊಡೆದಂತೆಯೇ ಇತ್ತು. ಅಕ್ಕಪಕ್ಕದ ಕೋಣೆಗಳಿಂದ ಜನ ಬಂದು ಬಾಗಿಲಲ್ಲಿ ಗುಂಪಾದರು. ಏನಾಯಿತೆಂದು ಕೇಳಿದವರಿಗೆ ಮೊಹರಿನವನು "ಕೂಗಲ್ಲ ಅಂತ ಮೇಡಂ ಹೇಳಿದ್ರು, ಕೂಗ್ತಿದೆ" ಎಂದು ವಿವರಿಸಿದ. ಊಟದ ಹೊತ್ತಾಯಿತು, ಗುಂಪು ಕರಗಿತು. ಸಾಹೇಬರು ನಿಲ್ಲಿಸಲಿಲ್ಲ. ನಿಲ್ಲಿಸಬಹುದಿತ್ತು, ಗೆದ್ದಾಗಿತ್ತು. ಕೋಟು ತೆಗೆದು ಕುರ್ಚಿಗೆ ಹಾಕಿ, ನೆಲದ ಮೇಲೆ ಗೋಡೆಗೊರಗಿ ಕೂತು, ಕಿತ್ತರು, ಸಿಕ್ಕಿಸಿದರು. ಯಾವ ಸಲದಿಂದಲೋ ಏನೋ, "ಕೂಗ್ತಾ?" ಎಂದು ಕೇಳುವುದನ್ನು ಬಿಟ್ಟಿದ್ದರು. ಕೀಳುವ ಮುನ್ನ ಒಂದಿಷ್ಟು ತಡೆದು, ಒಮ್ಮೆ ಬೇಗ, ಒಮ್ಮೆ ಸಾವಕಾಶ, ಈಜು ಬಾರದವನು ನೀರಿಗೆ ಕಾಲಿಟ್ಟು ನೋಡುವಂತೆ ಹೊತ್ತನ್ನು ತಡವುತ್ತಿದ್ದರು. ಅವರು ತೋರಿಸುತ್ತಿಲ್ಲ, ಹುಡುಕುತ್ತಿದ್ದಾರೆ ಎಂದು ಆಕೆಗೆ ಹೊಳೆದಾಗ, ಆಕೆಯೂ ಹೋಗಿ ಎದುರಿನ ನೆಲದ ಮೇಲೆ ಕೂತಳು. ಕಿವಿ ಕಿವುಡಾಗುವ ಆ ಚೀರಾಟದ ನಡುವೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೈ ಸೋತಾಗ ಅವರು ಪ್ಲಗ್ಗನ್ನು ಆಕೆಯ ಕೈಗಿತ್ತರು. ಆಕೆ ಕಿತ್ತಳು, ಸಿಕ್ಕಿಸಿದಳು, ಕಿತ್ತಳು. ಬೆರಳು ನೊಂದಾಗ ಅವರು ಕೈ ಚಾಚಿದರು. ಖರೀದಿಯಕ್ಕ ಎರಡು ದಿಂಬು ತಂದು ಇಬ್ಬರ ಬೆನ್ನಿಗೂ ತುರುಕಿ ಹೋದಳು. ಆಕೆಯ ಮನಸ್ಸಿನಲ್ಲಿ ಈಗ ಸರಿ ತಪ್ಪುಗಳಿರಲಿಲ್ಲ. ಅದು ಕೂಗಲಿ ಎಂದು ಪ್ರತಿ ಸಲವೂ ಬೇಡಿಕೊಳ್ಳುತ್ತಿದ್ದಳು. ಕೂಗಿದರೆ ತಾನು ಸುಳ್ಳಿ, ಆಗಲಿ, ಸುಳ್ಳಿಯೇ ಆಗಲಿ, ಕೂಗಲಿ.

ಸಾಹೇಬರು ಕಿತ್ತರು. ಕೂಗಲಿಲ್ಲ.

ಪೆಟ್ಟಿಗೆಯ ದೀಪ ಆರಿತ್ತು. 'ಸುಮ್ಮನಿರು' ಗುಂಡಿಯ ಪಕ್ಕದ ಪುಟ್ಟ ಹಸಿರು ಚುಕ್ಕಿಯೊಂದು ಮಾತ್ರ, ಯಾರೋ ಬಂದು ನೋಡಿಕೊಂಡರು, ಚಿಂತೆಯಿಲ್ಲ ಎಂಬಂತೆ ಉರಿಯುತ್ತಿತ್ತು. ಗಾಜಿನ ಒಳಗೆ ಟೋಪಿ ಹಾಕಿದ ಗೊಂಬೆ ಅಂಗಾತ ಮಲಗಿತ್ತು. ಅಷ್ಟು ಹೊತ್ತು ಚೀರಿದ ಹಜಾರದಲ್ಲಿ ಈಗ ಫ್ಯಾನಿನ ಸದ್ದು, ಹೊರಗೆ ಯಾರೋ ನೀರು ಹಿಡಿಯುವ ಸದ್ದು. ಪ್ಲಗ್ಗು ಸಾಹೇಬರ ಮುಷ್ಟಿಯಲ್ಲೇ ಇತ್ತು. ಇನ್ನೇನು ಕೂಗುತ್ತದೆ, ತಡವಾಗಿಯಾದರೂ ಕೂಗುತ್ತದೆ ಎಂದು ಎಲ್ಲರೂ ಕಾದರು. ಬಾಗಿಲ ಬಳಿ ಕೂತಲ್ಲೇ ತೂಕಡಿಸುತ್ತಿದ್ದ ಚಾಲಕ ಸದ್ದಿಲ್ಲದ್ದಕ್ಕೆ ಬೆಚ್ಚಿ ಎದ್ದು, "ಯಾಕೆ? ಯಾಕೆ ಕೂಗ್ಲಿಲ್ಲ?" ಎಂದ.

ಮೊಹರಿನವನು ಜೇಬಿನಿಂದ ಕೈ ಹೊರಗೆ ತೆಗೆದು, ಏನು ಮಾಡಬೇಕೆಂದು ತಿಳಿಯದೆ, ಬೆನ್ನ ಹಿಂದೆ ಕಟ್ಟಿಕೊಂಡ. ಚಾಲಕ ಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನೊಳಗೆ ಬಗ್ಗಿ ನೋಡಿದ, ಆಮೇಲೆ ಸಾಹೇಬರ ಕಡೆ ತಿರುಗಿ, "ಖಾಲಿ ಗಾಡಿ ಹೊಡ್ಕೊಂಡು ಹೋಗೋದೇನು ನನಗೆ ಹೊಸದಲ್ಲ ಸಾರ್. ರೆಡಿಯಾದಾಗ ಹೇಳಿ, ನಾನೇ ಬರ್ತೀನಿ" ಎಂದು ಮೆಲ್ಲನೆ ಹೊರಗೆ ನಡೆದ. ಗೇಟಿನಲ್ಲಿ ಲಾರಿ ಹೊರಟಿತು, ಹಾರ್ನು ಹೊಡೆಯಲಿಲ್ಲ.

ಆಕೆ ಗೆದ್ದವಳಂತೆ ಕಾಣಬಾರದೆಂದು ಮುಖ ತಗ್ಗಿಸಿದಳು. ಗೆದ್ದಂತೆಯೂ ಇರಲಿಲ್ಲ. ಮುಂದೆ ಏನೇನು ಮಾಡಬೇಕು, ಯಾವ ಬಿಡಿಭಾಗ ಬದಲಿಸಬೇಕು, ಆಸ್ಪತ್ರೆಯವರಿಗೆ ಯಾರು ಹೇಳಬೇಕು ಎಂದೆಲ್ಲ ತಲೆಯೊಳಗೆ ಒಂದರ ಮೇಲೊಂದು ಬರುತ್ತಿತ್ತು, ಕೈ ನಡುಗುತ್ತಿತ್ತು. ಇದು ಲೆಕ್ಕದ ನಡುಕವಲ್ಲ, ಹಸಿವಿನದ್ದು, ಎಂದುಕೊಂಡಳು. ತಲೆಯೆತ್ತಿದಾಗ ಸಾಹೇಬರು ಅಲ್ಲಿರಲಿಲ್ಲ. ಹಜಾರದಾಚೆ ಅವರ ಕೋಣೆಯ ಬಾಗಿಲು ತೆರೆದಿತ್ತು, ಅವರು ಫೋನಿನಲ್ಲಿ ಯಾರಿಗೋ, "ಇಲ್ಲ, ಇವತ್ತಾಗಲ್ಲ. ಇಲ್ಲ, ತಪ್ಪು ಯಾರದ್ದೂ ಅಲ್ಲ, ನಮ್ಮದು" ಎನ್ನುತ್ತಿದ್ದರು. ತಗ್ಗಿದ ದನಿ, ಮತ್ತೆ ಮತ್ತೆ ಅದೇ ಮಾತು. ಆಮೇಲೆ ಫೋನು ಇಟ್ಟ ಸದ್ದು.

ಅವರು ಹೊರಗೆ ಬಂದು ಆಕೆಯ ಎದುರಿಗೆ ಮತ್ತೆ ನೆಲದ ಮೇಲೆ ಕುಳಿತರು. ಕೈಯಲ್ಲಿ ತಮ್ಮ ಊಟದ ಡಬ್ಬಿ ಇತ್ತು. ಮುಚ್ಚಳ ಬಿಗಿಯಾಗಿತ್ತೇನೋ, ಪ್ಲಗ್ಗು ಕಿತ್ತು ಕಿತ್ತು ಸೋತ ಬೆರಳಿಗೆ ಕೂಡಲೇ ಬರಲಿಲ್ಲ. ಅಂಗಿಯ ಅಂಚಿನಿಂದ ಹಿಡಿದು ತಿರುಗಿಸಿ ತೆಗೆದರು. ಡಬ್ಬಿಯನ್ನು ಆಕೆಯ ಮಂಡಿಯ ಹತ್ತಿರಕ್ಕೆ ಸರಿಸಿದರು. ಚಮಚದ ಹಿಡಿ ತಮ್ಮ ಕಡೆಗಿದ್ದುದನ್ನು ನೋಡಿ, ಅದನ್ನು ಆಕೆಯ ಕಡೆಗೆ ತಿರುಗಿಸಿಟ್ಟು, ಆಕೆ ಬೇಡವೆನ್ನುವ ಮೊದಲೇ ಬೇರೆಡೆ ನೋಡತೊಡಗಿದರು.